ಕಲಿಸಲು ಹೊರಡದ ಗುರುಗಳು

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಯದುರಾಜನಿಗೆ ಒಬ್ಬ ಅವಧೂತ ಎದುರಾಗುತ್ತಾನೆ. ಹರೆಯದವನು, ಮೈಯಲ್ಲಿ ಕಸುವಿದೆ, ಮಾತಿನಲ್ಲಿ ಜಾಣ್ಮೆಯಿದೆ. ಆದರೂ ಯಾವ ಉದ್ಯೋಗವನ್ನೂ ಹಿಡಿಯದೆ, ಮನೆ ಮಾರು ಇಲ್ಲದೆ ಅಲೆಯುತ್ತಿದ್ದಾನೆ. ಮುಖದಲ್ಲಿ ಮಾತ್ರ ಕೊರತೆಯ ಸುಳಿವೇ ಇಲ್ಲ. ಇಷ್ಟು ನೆಮ್ಮದಿ ಎಲ್ಲಿಂದ ಬಂತು, ಕಲಿಸಿದವರು ಯಾರು ಎಂದು ರಾಜ ಕೇಳುತ್ತಾನೆ. ಅವಧೂತ 24 ಗುರುಗಳ ಪಟ್ಟಿ ಕೊಡುತ್ತಾನೆ. ಅವರಲ್ಲಿ ವೇದ ಓದಿದವರು ಒಬ್ಬರೂ ಇಲ್ಲ, ಇವನನ್ನು ಶಿಷ್ಯನೆಂದು ಒಪ್ಪಿಕೊಂಡವರೂ ಇಲ್ಲ. ಮುಕ್ಕಾಲು ಪಾಲು ಮನುಷ್ಯರೇ ಅಲ್ಲ.

ಭೂಮಿ, ಗಾಳಿ, ಆಕಾಶ, ನೀರು, ಬೆಂಕಿ, ಚಂದ್ರ, ಸೂರ್ಯ, ಪಾರಿವಾಳ ಇವು ಏಳನೆಯ ಅಧ್ಯಾಯದಲ್ಲಿ ಬರುತ್ತವೆ. ಹೆಬ್ಬಾವು, ಕಡಲು, ಪತಂಗ, ಜೇನ್ನೊಣ, ಆನೆ, ಜೇನು ಕೀಳುವವನು, ಜಿಂಕೆ, ಮೀನು ಮತ್ತು ಪಿಂಗಳೆ ಎಂಬ ವೇಶ್ಯೆ ಎಂಟನೆಯದರಲ್ಲಿ. ಒಂಬತ್ತನೆಯದರಲ್ಲಿ ಕುರರ ಎಂಬ ಹಕ್ಕಿ, ಮಗು, ಮದುವೆಯಾಗದ ಹುಡುಗಿ, ಬಾಣ ಮಾಡುವವನು, ಹಾವು, ಜೇಡ, ಕಣಜ. ದ್ವಾರಕೆಯ ದಿನಗಳು ಮುಗಿಯುತ್ತ ಬಂದಾಗ ಕೃಷ್ಣ ಉದ್ಧವನಿಗೆ ಈ ಹಳೆಯ ಸಂವಾದವನ್ನು ನೆನಪಿಸುತ್ತಾನೆ. ಕಥೆಯಲ್ಲಿ ಅವಧೂತನಿಗೆ ಹೆಸರಿಲ್ಲ. ಅವನು ದತ್ತಾತ್ರೇಯನೇ ಎಂದು ಪರಂಪರೆ ಗುರುತಿಸಿತು. ಹಾಗಾಗಿ ಕಲಬುರಗಿ ಜಿಲ್ಲೆಯ ಗಾಣಗಾಪುರದಂಥ ದತ್ತಕ್ಷೇತ್ರಗಳಿಗೆ ನಡೆದುಕೊಳ್ಳುವ ಕುಟುಂಬಗಳಲ್ಲಿ ಈ ಪಟ್ಟಿ ಇಂದಿಗೂ ಬಾಯಿಂದ ಬಾಯಿಗೆ ದಾಟುತ್ತದೆ. ಹದಿನಾರನೆಯ ಶತಮಾನದ ಚಾಟುವಿಠಲನಾಥನ ಭಾಗವತವೂ ಊರೂರಿನ ಪುರಾಣ ಪ್ರವಚನಗಳೂ ಇದನ್ನು ಕನ್ನಡದ ಕಿವಿಗೆ ತಂದವು.

ಮೊದಲಿನ ಪಂಚಭೂತಗಳ, ಚಂದ್ರ ಸೂರ್ಯರ ಪಾಠ ಸರಳ. ಎಷ್ಟು ತುಳಿದರೂ ಭೂಮಿ ತನ್ನ ನಡೆ ಬಿಡುವುದಿಲ್ಲ. ಗಾಳಿ ಕಂಪನ್ನೂ ನಾತವನ್ನೂ ಹೊರುತ್ತದೆ, ಎರಡನ್ನೂ ತನ್ನದಾಗಿಸಿಕೊಳ್ಳುವುದಿಲ್ಲ. ಹೆಚ್ಚುವುದು, ಕುಗ್ಗುವುದು ಚಂದ್ರನ ಕಲೆಗಳೇ ಹೊರತು ಚಂದ್ರನಲ್ಲ. ಇಂಥ ಮಾತು ಯಾವ ನೀತಿಗ್ರಂಥದಲ್ಲಾದರೂ ಸಿಕ್ಕೀತು. ಪಟ್ಟಿಯ ಸ್ವಾರಸ್ಯ ಶುರುವಾಗುವುದು ಪಾರಿವಾಳದಿಂದ, ಅಂದರೆ ಸೋತು ಕಲಿಸುವವರಿಂದ.

ಮರಿಗಳ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ ಜೋಡಿಯೊಂದು ಮೇವು ತರಲು ಹೋದಾಗ ಬೇಡ ಬಲೆ ಹರಡಿ ಮರಿಗಳನ್ನು ಹಿಡಿಯುತ್ತಾನೆ. ತಾಯಿ ಗೋಳಾಡುತ್ತ ಬಲೆಗೆ ಬೀಳುತ್ತದೆ. ಗಂಡು ಹಕ್ಕಿ ಎಲ್ಲವನ್ನೂ ಕಣ್ಣಾರೆ ಕಂಡು, ಬಲೆ ಇದೆ ಎಂದು ಗೊತ್ತಿದ್ದೂ ತಾನೂ ಬೀಳುತ್ತದೆ. ಬೇಡ ಇಡೀ ಸಂಸಾರವನ್ನು ಹೊತ್ತು ಮನೆಗೆ ನಡೆಯುತ್ತಾನೆ. ಪತಂಗ ಬೆಳಕಿಗೆ, ಆನೆ ಸ್ಪರ್ಶಕ್ಕೆ, ಜಿಂಕೆ ಹಾಡಿಗೆ, ಮೀನು ಗಾಳದ ತುದಿಯ ರುಚಿಗೆ ಸೋಲುತ್ತವೆ. ಜಿಂಕೆಯ ಮಾತು ಬಂದಾಗ ಹೆಣ್ಣುಗಳ ಹಾಡು ಕುಣಿತಕ್ಕೆ ಮರುಳಾದ ಋಷ್ಯಶೃಂಗನನ್ನೂ ಅವಧೂತ ನೆನೆಯುತ್ತಾನೆ. ಶೃಂಗೇರಿಯ ಹತ್ತಿರದ ಕಿಗ್ಗದಲ್ಲಿ ದೇವಸ್ಥಾನ ಇರುವುದು ಅದೇ ಋಷಿಯ ಹೆಸರಿನಲ್ಲಿ. ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದವನನ್ನು ಜಿಂಕೆಗಳ ಸಾಲಿನಲ್ಲೇ ನಿಲ್ಲಿಸಿದ್ದರಲ್ಲಿ ಕಥೆಗಾರನ ತುಂಟತನವೂ ಇದೆ. ಇಂದ್ರಿಯಗಳಲ್ಲೆಲ್ಲ ನಾಲಿಗೆಯೇ ಗಟ್ಟಿ ಎಂಬುದು ಮೀನಿನ ಪಾಠ. ಉಪವಾಸ ಕೂತರೆ ಉಳಿದ ಇಂದ್ರಿಯಗಳು ಸೊರಗುತ್ತವೆ, ನಾಲಿಗೆಯ ಚಪಲ ಮಾತ್ರ ಏರುತ್ತದೆ. ಏಕಾದಶಿ ಮಾಡಿದವರು ಇದಕ್ಕೆ ಬೇರೆ ಸಾಕ್ಷಿ ಕೇಳುವುದಿಲ್ಲ.

ಜೇನ್ನೊಣ ಎರಡು ಪಾಠ ಕೊಡುತ್ತದೆ, ಎರಡೂ ಎದುರುಬದುರು. ಒಂದು ಹೂವಿಗೂ ನೋವಾಗದಂತೆ ಹಲವು ಹೂಗಳಿಂದ ಚೂರು ಚೂರು ತೆಗೆದುಕೊಳ್ಳುವುದು ಅನುಸರಿಸತಕ್ಕದ್ದು. ಹರಿದಾಸರು ಮನೆಮನೆಯ ಭಿಕ್ಷೆಯನ್ನು ಮಧುಕರ ವೃತ್ತಿ ಎಂದು ಕರೆದುಕೊಂಡದ್ದು ಈ ಅರ್ಥದಲ್ಲಿ. ಹಾಗೆ ತಂದದ್ದನ್ನು ಕೂಡಿಡುವುದು ಮಾತ್ರ ಬಿಡತಕ್ಕದ್ದು, ಏಕೆಂದರೆ ಕೂಡಿಟ್ಟದ್ದರ ಜೊತೆಗೆ ನೊಣವೂ ಹೋಗುತ್ತದೆ. ಅದೇ ತುಪ್ಪವನ್ನು ಕಿತ್ತೊಯ್ಯುವವನು ಪಟ್ಟಿಯಲ್ಲಿ ಇನ್ನೊಬ್ಬ ಗುರು. ಜಿಪುಣ ಉಣ್ಣದೆ, ಕೊಡದೆ ಇಟ್ಟದ್ದು ಬೇರೆಯವರ ಪಾಲಾಗುತ್ತದೆ ಎಂಬುದಕ್ಕೆ ಅವನು ನಿದರ್ಶನ. ಕೊಡಗು, ಮೈಸೂರು ಸೀಮೆಯ ಕಾಡುಗಳಲ್ಲಿ ಹೆಜ್ಜೇನು ಇಳಿಸುವ ಜೇನುಕುರುಬರಿಗೆ ಈ ಕೆಲಸದ ಅಪಾಯ ಗೊತ್ತು. ಅವಧೂತ ಆ ಅಪಾಯದ ಮಾತೆತ್ತುವುದಿಲ್ಲ. ಅವನಿಗೆ ಬೇಕಾದದ್ದು ಜೇನು ಕೈ ಬದಲಾಯಿಸಿತು ಎಂಬುದಷ್ಟೇ.

ಈ ಮಾತು ಮುಖ್ಯ. ಗುರು ಏನು ಮಾಡುತ್ತಿದ್ದಾನೆ ಎಂಬುದು ಬೇರೆ, ಶಿಷ್ಯ ಏನು ಎತ್ತಿಕೊಂಡ ಎಂಬುದು ಬೇರೆ. ಇವರೆಲ್ಲರನ್ನೂ ತನ್ನ ಬುದ್ಧಿಯಿಂದಲೇ ಗುರುಗಳನ್ನಾಗಿ ಆರಿಸಿಕೊಂಡೆ ಎಂದು ಅವಧೂತ ಆರಂಭದಲ್ಲೇ ಹೇಳಿಬಿಡುತ್ತಾನೆ. ಬಳೆ ತೊಟ್ಟ ಹುಡುಗಿಯ ಕಥೆಯಲ್ಲಿ ಈ ಅಂತರ ಎದ್ದು ಕಾಣುತ್ತದೆ. ಅವಳನ್ನು ನೋಡಲು ವರನ ಕಡೆಯವರು ಬರುತ್ತಾರೆ, ಮನೆಯ ದೊಡ್ಡವರು ಹೊರಗೆ ಹೋಗಿದ್ದಾರೆ. ಬಂದವರನ್ನು ತಾನೇ ಕೂರಿಸಿ, ಒಳಗೆ ಹೋಗಿ ಅವರ ಊಟಕ್ಕೆಂದು ಭತ್ತ ಕುಟ್ಟಲು ಕೂರುತ್ತಾಳೆ. ಕೈಯ ಶಂಖದ ಬಳೆಗಳು ಒಂದಕ್ಕೊಂದು ತಾಗಿ ಸದ್ದಾಗುತ್ತದೆ. ಅಕ್ಕಿ ಮಾಡಿಟ್ಟುಕೊಳ್ಳಲಾರದ ಮನೆ ಎಂದು ಬಂದವರಿಗೆ ತಿಳಿದರೆ ಮರ್ಯಾದೆ ಏನಾದೀತು? ಒಂದೊಂದಾಗಿ ಬಳೆ ಒಡೆದು ಕೈಗೆ ಎರಡೆರಡು ಉಳಿಸಿಕೊಳ್ಳುತ್ತಾಳೆ. ಎರಡೂ ಸದ್ದು ಮಾಡುತ್ತವೆ. ಒಂದನ್ನು ತೆಗೆದ ಮೇಲೆ ಸದ್ದು ನಿಲ್ಲುತ್ತದೆ, ಅವಳು ಕುಟ್ಟುವುದನ್ನು ಮುಂದುವರಿಸುತ್ತಾಳೆ. ಹಲವರು ಕೂಡಿದರೆ ಜಗಳ, ಇಬ್ಬರು ಕೂಡಿದರೆ ಹರಟೆ, ಆದ್ದರಿಂದ ಒಂಟಿಯಾಗಿ ಸಂಚರಿಸಬೇಕು ಎಂದು ಅವಧೂತ ತೀರ್ಮಾನಿಸುತ್ತಾನೆ. ಹುಡುಗಿಗೆ ಒಂಟಿತನ ಬೇಕಾಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಮದುವೆ. ಬಡತನವನ್ನು ಮುಚ್ಚಿಡಲು ಅವಳು ಹೂಡಿದ ಉಪಾಯದಿಂದ ಸನ್ಯಾಸಿ ತನಗೆ ಬೇಕಾದ ಅರ್ಥ ಹೊರಡಿಸಿಕೊಂಡ. ತಪ್ಪೆನ್ನುವಂತಿಲ್ಲ, ಆದರೆ ಕಥೆಯ ಇನ್ನರ್ಧ ಅವಳ ಒರಳಿನ ಬಳಿಯೇ ಉಳಿಯಿತು.

ಪಿಂಗಳೆಯದು ಹಾಗಲ್ಲ. 24 ಗುರುಗಳಲ್ಲಿ ತಾನೇ ಪಾಠ ಕಲಿತು ಬಾಯಿಬಿಟ್ಟು ಹೇಳುವವಳು ಅವಳೊಬ್ಬಳೇ. ವಿದೇಹದ ರಾಜಧಾನಿಯ ವೇಶ್ಯೆ, ಒಂದು ಸಂಜೆ ಅಲಂಕರಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ದಾರಿಯಲ್ಲಿ ಹೋಗುವ ಪ್ರತಿಯೊಬ್ಬನೂ ದುಡ್ಡುಳ್ಳವನಂತೆ ಕಾಣುತ್ತಾನೆ, ಪ್ರತಿಯೊಬ್ಬನೂ ಮುಂದೆ ಹೋಗುತ್ತಾನೆ. ಒಳಗೆ ಹೋಗುತ್ತಾಳೆ, ಮತ್ತೆ ಹೊರಗೆ ಬರುತ್ತಾಳೆ. ನಡುರಾತ್ರಿಯಾಗುತ್ತದೆ. ಬಾಯಿ ಒಣಗಿ ಮನಸ್ಸು ಕುಸಿದ ಆ ಹೊತ್ತಿನಲ್ಲಿ ಅವಳಿಗೆ ತನ್ನ ಮೇಲೆಯೇ ಜುಗುಪ್ಸೆ ಹುಟ್ಟುತ್ತದೆ, ಹಿಂದೆಯೇ ಬಿಡುಗಡೆಯೂ ಬರುತ್ತದೆ. ಬಾರದವನಿಗಾಗಿ ಕಾಯುವುದನ್ನು ಬಿಟ್ಟು ತನ್ನೊಳಗೇ ಇರುವವನನ್ನು ನೆಚ್ಚುತ್ತೇನೆ ಎಂದುಕೊಂಡು ಹೋಗಿ ಮಲಗುತ್ತಾಳೆ. ಆ ರಾತ್ರಿ ಗಾಢವಾಗಿ ನಿದ್ದೆ ಬರುತ್ತದೆ. ಮರುದಿನ ಅವಳ ಬದುಕು ಏನಾಯಿತು ಎಂದು ಪುರಾಣ ಹೇಳುವುದಿಲ್ಲ. ಅವಳ ನಿದ್ದೆಯನ್ನೇ ಪ್ರಮಾಣವಾಗಿ ತೆಗೆದುಕೊಂಡದ್ದರಲ್ಲಿ ಬಲ್ಲವರ ಕೈ ಕಾಣುತ್ತದೆ.

ಕೊನೆಯ ಗುರು ಕಣಜದ ವಿಷಯದಲ್ಲಿ ಒಂದು ತೊಡಕಿದೆ. ಗೋಡೆಯ ಮೇಲೆ ಮಣ್ಣಿನ ಗೂಡು ಕಟ್ಟುವ ಈ ಹುಳು ಇನ್ನೊಂದು ಹುಳವನ್ನು ತಂದು ಒಳಗಿಟ್ಟು ಮುಚ್ಚುತ್ತದೆ. ಕೆಲವು ದಿನಗಳ ಮೇಲೆ ಗೂಡೊಡೆದು ಕಣಜವೇ ಹೊರಬರುತ್ತದೆ. ಒಳಗಿನ ಹುಳು ಭಯದಿಂದ ಕಣಜವನ್ನೇ ಧ್ಯಾನಿಸಿ ಅದರ ರೂಪ ತಾಳಿತು ಎಂದು ಹಿಂದಿನವರು ತಿಳಿದರು. ಯಾವುದನ್ನು ನೆನೆಯುತ್ತೇವೋ ಅದೇ ಆಗುತ್ತೇವೆ ಎಂಬ ಭ್ರಮರಕೀಟ ನ್ಯಾಯ ಹುಟ್ಟಿದ್ದು ಹೀಗೆ. ವಚನಗಳಲ್ಲೂ ಈ ಹುಳು ಕುಂಡಲಿಗ ಎಂಬ ಹೆಸರಿನಲ್ಲಿ ಬರುತ್ತದೆ. ವಾಸ್ತವದಲ್ಲಿ ಕಣಜ ಆ ಹುಳವನ್ನು ಕುಟುಕಿ ಮರವಟ್ಟಿಸಿ, ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಬಂದ ಮರಿ ಆ ಹುಳವನ್ನು ತಿಂದು ಬೆಳೆಯುತ್ತದೆ. ಹೊರಬಂದದ್ದು ಧ್ಯಾನಿಸಿದ ಹುಳು ಅಲ್ಲ, ಅದನ್ನು ತಿಂದ ಮರಿ. ಗಮನಿಸಿದ್ದು ತಪ್ಪಾದರೂ ಪಾಠ ಚಲಾವಣೆಯಲ್ಲಿ ಉಳಿಯಿತು. ಇಂಥ ಗುರುಗಳಿಂದ ಕಲಿಯುವವನು ಅವರ ಬದುಕನ್ನು ಪೂರ್ತಿ ಅರಿತಿರಲೇಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ.

ಈ ಪಟ್ಟಿ ಒಮ್ಮೆಗೇ ಹುಟ್ಟಿದ್ದಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಬೋಧ್ಯ ಎಂಬ ಋಷಿ ನಹುಷನ ಮಗ ಯಯಾತಿಗೆ ತನ್ನ ಆರು ಗುರುಗಳನ್ನು ಹೆಸರಿಸುತ್ತಾನೆ. ಪಿಂಗಳೆ, ಕುರರ, ಹಾವು, ಕಾಡಿನಲ್ಲಿ ಅಲೆಯುವ ದುಂಬಿ, ಬಾಣ ಮಾಡುವವನು, ಬಳೆಯ ಹುಡುಗಿ. ಯದು ಈ ಯಯಾತಿಯ ಮಗ. ತಂದೆ ಕೇಳಿದ ಆರು ಗುರುಗಳು ಮಗನ ಕಾಲಕ್ಕೆ 24 ಆದರು! ಸಾಂಖ್ಯಸೂತ್ರಗಳ ನಾಲ್ಕನೆಯ ಅಧ್ಯಾಯವೂ ಇಂಥ ಕಥೆಗಳನ್ನು ಒಂದೆರಡು ಪದಗಳಲ್ಲಿ ಸೂಚಿಸುತ್ತ ಸಾಗುತ್ತದೆ. ಪಿಂಗಳೆ, ಬಳೆ, ಪೊರೆ ಕಳಚಿದ ಹಾವು, ಬಾಣದವನು ಅಲ್ಲೂ ಇದ್ದಾರೆ. ರಾಜನ ಮೆರವಣಿಗೆ ಪಕ್ಕದಲ್ಲೇ ಹಾದುಹೋದರೂ ಅಂಬಿನ ತುದಿಯಿಂದ ಕಣ್ಣು ಕೀಳದ ಆ ಕುಶಲಕರ್ಮಿ ಏಕಾಗ್ರತೆಗೆ ಗಾದೆಯಂತಾಗಿಬಿಟ್ಟಿದ್ದ.

ಬೌದ್ಧರೂ ಜೈನರೂ ಇದೇ ಬಳೆ, ಇದೇ ಕುರರ ಹಕ್ಕಿಯನ್ನು ಹೇಳುತ್ತಾರೆ. ಕುಂಭಕಾರ ಜಾತಕದಲ್ಲಿ ನಾಲ್ವರು ಅರಸರು ಗುರುವಿಲ್ಲದೆ ಅರಿವು ಪಡೆಯುತ್ತಾರೆ. ಕಳಿಂಗದ ಕರಂಡು ಒಂದು ಮಾವಿನ ಹಣ್ಣು ಕಿತ್ತು ಮುಂದೆ ಹೋಗುತ್ತಾನೆ. ಹಿಂದೆ ಬಂದವರೆಲ್ಲ ಕಿತ್ತು ಮರ ಬೋಳಾಗುತ್ತದೆ, ಪಕ್ಕದ ಕಾಯಿಲ್ಲದ ಮರ ಹಸಿರಾಗಿ ನಿಂತಿರುತ್ತದೆ. ಗಾಂಧಾರದ ನಗ್ಗಜಿಗೆ ಗಂಧ ತೇಯುವ ಹೆಂಗಸಿನ ಬಳೆ, ವಿದೇಹದ ನಿಮಿಗೆ ಮಾಂಸದ ತುಂಡು ಕಚ್ಚಿದ ಗಿಡುಗ ಪಾಠವಾಗುತ್ತವೆ. ತುಂಡು ಬಾಯಲ್ಲಿರುವ ತನಕ ಉಳಿದ ಹಕ್ಕಿಗಳು ಗಿಡುಗನನ್ನು ಕುಕ್ಕುತ್ತವೆ, ಬಿಟ್ಟೊಡನೆ ಇನ್ನೊಂದರ ಬೆನ್ನು ಹತ್ತುತ್ತವೆ. ಪಾಂಚಾಲದ ದುಮ್ಮುಖ ಕಾಮಕ್ಕೆ ಕಾದಾಡಿ ಸತ್ತ ಗೂಳಿಯನ್ನು ನೋಡುತ್ತಾನೆ. ಈ ನಾಲ್ವರೂ ಕಾಶಿಯಲ್ಲಿ ಒಬ್ಬ ಕುಂಬಾರನ ಮನೆಯಲ್ಲಿ ಇಳಿದುಕೊಂಡು ತಮ್ಮ ಕಥೆ ಹೇಳುತ್ತಾರೆ. ಕೇಳಿದ ಕುಂಬಾರ ತಾನೂ ಸನ್ಯಾಸಿಯಾಗಬೇಕೆಂದು ಹೊರಡುವಷ್ಟರಲ್ಲಿ ಹೆಂಡತಿ ನೀರಿಗೆ ಹೋಗುವ ನೆಪದಲ್ಲಿ ಕೊಡ ಹಿಡಿದು ಹೊರಬಿದ್ದು ತಾನೇ ಸನ್ಯಾಸ ತೆಗೆದುಕೊಂಡುಬಿಡುತ್ತಾಳೆ! ಮಕ್ಕಳು ಅವನ ಪಾಲಿಗೆ ಉಳಿಯುತ್ತವೆ. ಅನ್ನ ಬೆಂದಿದೆಯೇ, ಉಪ್ಪು ಹೆಚ್ಚಾಗಿದೆಯೇ ಎಂದು ಹೇಳುವಷ್ಟು ಅವು ಬಲಿತ ಮೇಲೆ ಅವನು ಹೊರಡುತ್ತಾನೆ. ಜೈನರ ಉತ್ತರಾಧ್ಯಯನದ ವ್ಯಾಖ್ಯಾನಗಳಲ್ಲಿ ಮಿಥಿಲೆಯ ಅರಸ ನಮಿ ಜ್ವರದಿಂದ ಮಲಗಿರುತ್ತಾನೆ. ರಾಣಿಯರು ಲೇಪಕ್ಕೆಂದು ಗಂಧ ತೇಯುವಾಗ ಬಳೆಗಳ ಸದ್ದು ಅವನ ತಲೆಗೆ ಹೊಡೆಯುತ್ತದೆ. ಒಂದೊಂದೇ ಬಳೆ ಉಳಿಸಿಕೊಂಡಾಗ ಸದ್ದು ನಿಲ್ಲುತ್ತದೆ, ಅವನು ರಾಜ್ಯ ಬಿಟ್ಟು ನಡೆಯುತ್ತಾನೆ. ಯಾರು ಯಾರಿಂದ ಪಡೆದರು ಎಂದು ಕೆದಕುವುದಕ್ಕಿಂತ ಮೂರು ಮತಗಳ ಭಿಕ್ಷುಗಳೂ ಒಂದೇ ದಾರಿಯಲ್ಲಿ, ಒಂದೇ ಬೀದಿಗಳಲ್ಲಿ ಭಿಕ್ಷೆಗೆ ತಿರುಗುತ್ತಿದ್ದರು ಎಂಬುದನ್ನು ನೆನೆದರೆ ಸಾಕು.

ಮನುಷ್ಯನಲ್ಲದ್ದು ಮನುಷ್ಯನಿಗೆ ಕಲಿಸುವ ಪರಿ ಇದಕ್ಕಿಂತ ಹಳೆಯದು. ಛಾಂದೋಗ್ಯ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಸತ್ಯಕಾಮ ಜಾಬಾಲನಿಗೆ ಗುರು ಗೌತಮ 400 ಬಡಕಲು ಹಸುಗಳನ್ನು ಒಪ್ಪಿಸುತ್ತಾನೆ. ಸಾವಿರವಾಗುವ ತನಕ ಹಿಂತಿರುಗುವುದಿಲ್ಲ ಎಂದು ಹುಡುಗ ಕಾಡಿಗೆ ಹೊಡೆದುಕೊಂಡು ಹೋಗುತ್ತಾನೆ. ವರ್ಷಗಳ ಮೇಲೆ ಮಂದೆ ಸಾವಿರ ಮುಟ್ಟಿದಾಗ ಗೂಳಿಯೊಂದು ಅವನನ್ನು ಕರೆದು ಬ್ರಹ್ಮದ ಕಾಲು ಭಾಗವನ್ನು ಹೇಳುತ್ತದೆ. ಮುಂದಿನ ಭಾಗಗಳನ್ನು ಸಂಜೆಯ ಬೆಂಕಿ, ಹಂಸ, ಕೊನೆಗೆ ನೀರುಕಾಗೆ ಒಂದೊಂದಾಗಿ ಹೇಳುತ್ತವೆ. ಮನೆಗೆ ಬಂದವನ ಮುಖ ನೋಡಿ, ನಿನಗೆ ಯಾರು ಕಲಿಸಿದರು ಎಂದು ಗುರು ಕೇಳಿದರೆ, ಮನುಷ್ಯರಲ್ಲ ಎಂದು ಉತ್ತರ. ಆದರೂ ತಾವೇ ಹೇಳಬೇಕು ಎಂದು ಸತ್ಯಕಾಮ ಪಟ್ಟು ಹಿಡಿಯುತ್ತಾನೆ, ಗುರು ಅದನ್ನೇ ಮತ್ತೆ ಹೇಳುತ್ತಾನೆ, ಏನನ್ನೂ ಬಿಡದೆ. ಕಾಡು ಕಲಿಸಿದ್ದಕ್ಕೆ ಗುರುಕುಲದ ಮೊಹರು ಬೇಕಾಗಿದ್ದ ಕಾಲ ಅದು.

ಅದೇ ಅಧ್ಯಾಯದ ಆರಂಭದಲ್ಲಿ ಜಾನಶ್ರುತಿ ಎಂಬ ದಾನಶೂರ ಒಂದು ರಾತ್ರಿ ತನ್ನ ಮೇಲೆ ಹಾರಿಹೋಗುವ ಹಂಸಗಳ ಮಾತು ಕೇಳಿಸಿಕೊಳ್ಳುತ್ತಾನೆ. ಒಂದು ಹಂಸ ಅವನನ್ನು ಹೊಗಳಿದರೆ, ಇನ್ನೊಂದು ಅವನೇನು ಬಂಡಿಯ ರೈಕ್ವನೇ ಎಂದು ಮೂಗು ಮುರಿಯುತ್ತದೆ. ರಾತ್ರಿಯೆಲ್ಲ ನಿದ್ದೆಗೆಟ್ಟ ಜಾನಶ್ರುತಿ ಆ ರೈಕ್ವನನ್ನು ಹುಡುಕಿಸುತ್ತಾನೆ. ಅವನು ಸಿಗುವುದು ಬಂಡಿಯ ಕೆಳಗೆ, ಕಜ್ಜಿ ಕೆರೆದುಕೊಳ್ಳುತ್ತ. 600 ಹಸು, ಚಿನ್ನದ ಸರ, ರಥ ತಂದಿಟ್ಟರೆ ಬೈದು ಕಳುಹಿಸುತ್ತಾನೆ. ಎರಡನೆಯ ಸಲ ಸಾವಿರ ಹಸುಗಳ ಜೊತೆ ಊರನ್ನೂ ಮಗಳನ್ನೂ ಕೊಟ್ಟಾಗ ಒಪ್ಪಿ ವಿದ್ಯೆ ಹೇಳುತ್ತಾನೆ. ಅನಿರೀಕ್ಷಿತ ಗುರುಗಳೆಲ್ಲ ನಿಸ್ಪೃಹರು ಎಂದು ಯಾರೂ ಭಾವಿಸಬೇಕಾಗಿಲ್ಲ.

ಮಹಾಭಾರತಕ್ಕೆ ಬಂದರೆ ಈ ಗುರುಗಳು ತಿರುಗಿ ಮಾತಾಡಲು ಕಲಿತಿರುತ್ತಾರೆ, ಕೆಲವೊಮ್ಮೆ ಚುಚ್ಚಿ ಮಾತಾಡುತ್ತಾರೆ. ವನಪರ್ವದ ಕೌಶಿಕ ತನ್ನ ಮೇಲೆ ಹಿಕ್ಕೆ ಹಾಕಿದ ಕೊಕ್ಕರೆಯನ್ನು ದಿಟ್ಟಿಸಿಯೇ ಕೊಂದ ತಪಸ್ವಿ. ಭಿಕ್ಷೆಗೆ ಹೋದ ಮನೆಯಲ್ಲಿ ಗೃಹಿಣಿ ಗಂಡನ ಉಪಚಾರ ಮುಗಿಸಿ ತಡವಾಗಿ ಬರುತ್ತಾಳೆ. ಅವನು ಸಿಟ್ಟಾದರೆ, ತಾನು ಕೊಕ್ಕರೆಯಲ್ಲ ಎಂದು ನೆನಪಿಸಿ, ಧರ್ಮ ತಿಳಿಯಬೇಕಿದ್ದರೆ ಮಿಥಿಲೆಯ ಬೇಡನ ಬಳಿಗೆ ಹೋಗು ಎನ್ನುತ್ತಾಳೆ. ಕೌಶಿಕ ಅವನನ್ನು ಕಾಣುವುದು ಮಾಂಸದಂಗಡಿಯಲ್ಲಿ, ಗಿರಾಕಿಗಳ ನಡುವೆ. ಬೇರೆಯವರು ಕೊಂದ ಮಾಂಸವನ್ನು ತಾನು ಮಾರುತ್ತೇನೆ, ಅದು ಕುಲದ ಕಸುಬು ಎಂದು ಧರ್ಮವ್ಯಾಧ ನಾಚಿಕೆಯಿಲ್ಲದೆ ಹೇಳುತ್ತಾನೆ. ಉದ್ದುದ್ದ ಉಪದೇಶದ ನಡುವೆ ಮನೆಗೆ ಕರೆದೊಯ್ದು ಮುದಿ ತಂದೆತಾಯಿಯನ್ನು ತೋರಿಸಿ, ಇವರೇ ನನ್ನ ದೇವರು ಎನ್ನುತ್ತಾನೆ. ತನ್ನ ತಂದೆತಾಯಿಯನ್ನು ಬಿಟ್ಟು ವೇದ ಓದಲು ಹೊರಟು ಬಂದಿದ್ದ ಕೌಶಿಕನಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲಿ.

ಶಾಂತಿಪರ್ವದ ಜಾಜಲಿ ಅಲುಗಾಡದೆ ನಿಂತು ತಪಸ್ಸು ಮಾಡಿದವನು. ಅವನ ಜಡೆಯಲ್ಲಿ ಗುಬ್ಬಿಗಳು ಗೂಡು ಕಟ್ಟಿ, ಮರಿ ಮಾಡಿ, ಹಾರಿಹೋದವು. ಧರ್ಮ ಸಿದ್ಧಿಸಿತು ಎಂದು ಅವನು ಕೂಗಿದಾಗ, ಕಾಶಿಯ ತುಲಾಧಾರನ ಸಮಕ್ಕೆ ನೀನಿಲ್ಲ ಎಂದು ಆಕಾಶದಿಂದ ದನಿ ಬರುತ್ತದೆ. ತುಲಾಧಾರ ಗಂಧ, ರಸ, ಮರಮುಟ್ಟು ಮಾರುವ ವ್ಯಾಪಾರಿ. ಹೆಂಡ ಮಾತ್ರ ಮಾರುವುದಿಲ್ಲ. ತನ್ನ ತಕ್ಕಡಿ ಎಲ್ಲರಿಗೂ ಒಂದೇ ಸಮ ಎಂಬುದೇ ಅವನ ಸಾಧನೆ. ಅಶ್ವಮೇಧಪರ್ವದ ಕೊನೆಯಲ್ಲಿ ಬರುವ ಮುಂಗುಸಿ ಇನ್ನೂ ಖಾರ. ಯುಧಿಷ್ಠಿರನ ಯಾಗ ಮುಗಿದು ಊರೆಲ್ಲ ಹೊಗಳುತ್ತಿರುವಾಗ ಅರ್ಧ ಮೈ ಚಿನ್ನವಾದ ಮುಂಗುಸಿಯೊಂದು ಬಂದು, ಈ ಯಜ್ಞ ಕುರುಕ್ಷೇತ್ರದ ಬಡವನ ಒಂದು ಹಿಡಿ ಹಿಟ್ಟಿಗೆ ಸಮವಲ್ಲ ಎನ್ನುತ್ತದೆ. ಕೊಯ್ಲಾದ ಹೊಲದಲ್ಲಿ ಉದುರಿದ ಕಾಳು ಆಯ್ದು ಬದುಕುತ್ತಿದ್ದ ಒಂದು ಸಂಸಾರ ಬರಗಾಲದಲ್ಲಿ ಸಿಕ್ಕ ಜವೆಗೋಧಿಯ ಹಿಟ್ಟನ್ನು ಅತಿಥಿಗೆ ಕೊಡುತ್ತದೆ. ಗಂಡನ ಪಾಲು, ಹೆಂಡತಿಯ ಪಾಲು, ಮಗನ ಪಾಲು, ಸೊಸೆಯ ಪಾಲು ಹೀಗೆ ನಾಲ್ಕೂ ಪಾಲು ಹೋಗುತ್ತವೆ. ಚೆಲ್ಲಿದ ಹಿಟ್ಟಿನ ಮೇಲೆ ಹೊರಳಿದ್ದಕ್ಕೆ ಮುಂಗುಸಿಯ ಅರ್ಧ ಮೈ ಬಂಗಾರವಾಯಿತು. ಉಳಿದರ್ಧಕ್ಕಾಗಿ ಅದು ಯಜ್ಞಶಾಲೆಗಳನ್ನು ಸುತ್ತುತ್ತಲೇ ಇದೆ, ಎಲ್ಲೂ ಆಗಿಲ್ಲ.

ಒಂದು ಅಂಶ ಗಮನಕ್ಕೆ ಬರಬೇಕು. ಧರ್ಮವ್ಯಾಧನಿಗೆ ಈ ಜ್ಞಾನ ಬಂದದ್ದು ಹೇಗೆ ಎಂದು ಕಥೆ ವಿವರಣೆ ಕೊಡುತ್ತದೆ: ಹಿಂದಿನ ಜನ್ಮದಲ್ಲಿ ಅವನು ಬ್ರಾಹ್ಮಣ, ಬೇಟೆಯಲ್ಲಿ ಋಷಿಯೊಬ್ಬನಿಗೆ ಬಾಣ ತಗುಲಿಸಿ ಶಾಪ ಪಡೆದವನು. ಮಾಂಸದಂಗಡಿಯವನಿಂದ ಧರ್ಮ ಕೇಳುವಷ್ಟು ಧೈರ್ಯ ಕಥೆಗಾರನಿಗಿತ್ತು, ಅದು ಮಾಂಸದಂಗಡಿಯವನದೇ ಎಂದು ಬಿಟ್ಟುಕೊಡುವಷ್ಟು ಇರಲಿಲ್ಲ. ಕಾಶಿಯ ಬೀದಿಯಲ್ಲಿ ಶಂಕರರಿಗೆ ಎದುರಾದ ಚಂಡಾಲನ ಐತಿಹ್ಯದಲ್ಲೂ ಹೀಗೆಯೇ ಆಗುತ್ತದೆ. ಯಾರನ್ನು ದೂರ ಸರಿ ಎನ್ನುತ್ತಿದ್ದೀರಿ, ದೇಹವನ್ನೋ ಆತ್ಮವನ್ನೋ ಎಂದು ಅವನು ಕೇಳುತ್ತಾನೆ. ಮನೀಷಾಪಂಚಕ ಹುಟ್ಟಿದ ಸಂದರ್ಭ ಅದು ಎನ್ನುತ್ತಾರೆ. ಆದರೆ ಪ್ರಶ್ನೆ ಕೇಳಿದವನು ಕೊನೆಗೆ ವೇಷ ಮರೆಸಿ ಬಂದ ಶಿವನಾಗಿಬಿಡುತ್ತಾನೆ.

ವೇಷವಿಲ್ಲದೆ, ಪೂರ್ವಜನ್ಮದ ಸಮಜಾಯಿಷಿ ಇಲ್ಲದೆ ದುಡಿಯುವವರೇ ಮಾತಾಡಿದ್ದು 12ನೇ ಶತಮಾನದ ಕನ್ನಡದಲ್ಲಿ. ದೋಣಿ ನಡೆಸುವವನು, ಹಗ್ಗ ಹೊಸೆಯುವವನು, ಬಟ್ಟೆ ಒಗೆಯುವವನು, ದನ ಕಾಯುವವನು, ಹೆಂಡ ಮಾರುವವನು ಕಲ್ಯಾಣದಲ್ಲಿ ವಚನ ಹೇಳಿದರು, ಪ್ರತಿಯೊಂದಕ್ಕೂ ತಮ್ಮ ಅಂಕಿತ ಹಾಕಿದರು. ಅಂಬಿಗರ ಚೌಡಯ್ಯನಂತೂ ಇಷ್ಟದೇವರ ಹೆಸರನ್ನು ಬಿಟ್ಟು ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಭಾಗವತದ ಹುಡುಗಿ ಭತ್ತ ಕುಟ್ಟುವುದನ್ನು ಬೇರೊಬ್ಬ ನೋಡಿ ಅರ್ಥ ಹೇಳಿದ. ಇಲ್ಲಿ ಭತ್ತ ಕುಟ್ಟಿ ಜೀವನ ಮಾಡುತ್ತಿದ್ದ ಕೊಟ್ಟಣದ ಸೋಮಮ್ಮ ತಾನೇ ವಚನಕಾರ್ತಿ. ಪಿಂಗಳೆಯ ಕಥೆಯನ್ನು ಅವಧೂತ ಹೇಳಿದ. ಸೂಳೆ ಸಂಕವ್ವೆ ನಿರ್ಲಜ್ಜೇಶ್ವರ ಎಂಬ ಅಂಕಿತದಲ್ಲಿ ತನ್ನ ಮಾತನ್ನು ತಾನೇ ಆಡಿದಳು. ಉಳಿದಿರುವುದು ಒಂದೇ ವಚನ. ಒಬ್ಬನಿಂದ ಒತ್ತೆ ಪಡೆದ ಮೇಲೆ ಇನ್ನೊಬ್ಬನಿಂದ ಪಡೆಯಬಾರದು ಎಂಬ ತನ್ನ ಕಸುಬಿನ ಕಟ್ಟಳೆಯನ್ನೇ ಅವಳು ನಿಷ್ಠೆಯ ಅಳತೆಗೋಲು ಮಾಡಿಕೊಳ್ಳುತ್ತಾಳೆ. ಪಿಂಗಳೆ ವೃತ್ತಿಗೆ ಹೇಸಿ ಬೆಳಕು ಕಂಡವಳು, ಸಂಕವ್ವೆ ವೃತ್ತಿಯ ಮಾತಿನಲ್ಲೇ ಬೆಳಕನ್ನು ಹೇಳಿದವಳು. ಇವೆರಡರ ನಡುವಿನ ದೂರ ಸಣ್ಣದಲ್ಲ.

ಮುಂಗುಸಿಯ ಕಥೆಯ ಕಾಳು ಆಯುವ ಸಂಸಾರವೂ ಕಲ್ಯಾಣದಲ್ಲಿ ಮತ್ತೆ ಸಿಗುತ್ತದೆ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ. ಅಂದಿಗೆ ಬೇಕಾದದ್ದಕ್ಕಿಂತ ಮಿಕ್ಕಿದ್ದು ಆಸೆಯೇ ಹೊರತು ಕಾಯಕದ ಫಲವಲ್ಲ, ತಂದಲ್ಲೇ ಸುರಿದು ಬಾ ಎಂದು ಗಂಡನನ್ನು ವಾಪಸು ಕಳುಹಿಸಿದಳು. ಬಡತನದ ಬಗ್ಗೆ ಅವಳ ನಿಲುವು ಬಳೆಯ ಹುಡುಗಿಯ ನಿಲುವಿಗಿಂತ ತೀರಾ ಬೇರೆ. ಲಕ್ಕಮ್ಮನ ಪ್ರಕಾರ ಬಡತನ ಇರುವುದು ಮನಸ್ಸಿಗೆ, ಕೈಯಲ್ಲಿ ಕೆಲಸ ಇರುವ ಭಕ್ತರಿಗಲ್ಲ. ಉಪದೇಶ ಕೇಳಿದವನು ಅವಳ ಗಂಡ, ಅವನೂ ವಚನಕಾರ. ಹೆಂಡತಿ ಗಂಡನಿಗೆ ಬುದ್ಧಿ ಹೇಳಿದ್ದನ್ನು ಮರೆಮಾಚದೆ ಶರಣ ಪರಂಪರೆ ಉಳಿಸಿಕೊಂಡಿತು.

ಹದಿನಾರನೆಯ ಶತಮಾನದಲ್ಲಿ ಕನಕದಾಸರು ಕಾಳಿಗೇ ಬಾಯಿ ಕೊಟ್ಟರು. ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಹೆಚ್ಚು ಎಂದು ಜಗಳ ಹತ್ತುತ್ತದೆ. ಭತ್ತ ತಾನು ದೇವರ ನೈವೇದ್ಯಕ್ಕೆ, ಮದುವೆಯ ಅಕ್ಷತೆಗೆ ಸಲ್ಲುವುದನ್ನು ಎತ್ತಿ ಹೇಳಿ ರಾಗಿಯನ್ನು ಹೀಗಳೆಯುತ್ತದೆ. ರಾಗಿ ಸುಮ್ಮನೆ ಕೇಳಿಸಿಕೊಳ್ಳುವ ಜಾಯಮಾನದ್ದಲ್ಲ. ಉಳ್ಳವರ ಪಕ್ಷ ಹಿಡಿಯುವ ಭತ್ತ ಬರಗಾಲದಲ್ಲಿ ಎಲ್ಲಿರುತ್ತದೆ ಎಂದು ತಿರುಗಿ ಬೀಳುತ್ತದೆ. ರಾಮ ತೀರ್ಪು ಹೇಳದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರತೆಗೆದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಹಾಕಿದ ಹಾಗೇ ಇರುತ್ತದೆ. ಹಗೇವಿನಲ್ಲಿ ರಾಗಿ ತುಂಬಿಟ್ಟು ವರ್ಷಗಟ್ಟಲೆ ಕಾಪಾಡುತ್ತಿದ್ದ ಸೀಮೆಯ ಜನರಿಗೆ ಈ ತೀರ್ಪಿನಲ್ಲಿ ಅಚ್ಚರಿ ಇರಲಿಲ್ಲ. ಅವರು ಕೇಳಿರದಿದ್ದದ್ದು ಅದನ್ನು ರಾಮನ ಸಭೆಯಲ್ಲಿ ಹೇಳಿದ್ದನ್ನು.

ತ್ರಿಪದಿಗಳ ಸರ್ವಜ್ಞನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಎಲ್ಲರಿಂದಲೂ ಒಂದೊಂದು ನುಡಿ ಕಲಿತು ತನಗೆ ಆ ಹೆಸರು ಬಂತು ಎಂಬ ಅರ್ಥದ ಪದ್ಯ ಶಾಲೆಯ ಮಕ್ಕಳಿಗೂ ಬಾಯಿಪಾಠ. ಅವನ ಪದ್ಯಗಳಲ್ಲಿ ಬರುವ ಉಳುಮೆ, ಸಾಲ, ಜೋಳ, ರೊಟ್ಟಿ, ನೆರೆಹೊರೆ ನೋಡಿದರೆ ಆ ಮಾತು ಬರಿಯ ವಿನಯವಲ್ಲ ಎಂದು ಗೊತ್ತಾಗುತ್ತದೆ.

1943ರಲ್ಲಿ ಡಿ.ವಿ.ಜಿ. ಮಂಕುತಿಮ್ಮನ ಕಗ್ಗವನ್ನು ಪ್ರಕಟಿಸಿದರು. ಉಪನಿಷತ್ತು, ಭಗವದ್ಗೀತೆಗಳನ್ನು ಅರೆದು ಕುಡಿದ ಪಂಡಿತ ಪತ್ರಕರ್ತರು ತಮ್ಮ 945 ಪದ್ಯಗಳನ್ನು ತಮ್ಮ ಬಾಯಿಂದ ಆಡಿಸಲಿಲ್ಲ. ಮಂಕ ಎಂದು ಊರು ಕರೆಯುವ ತಿಮ್ಮನ ಹೆಸರಿಗೆ ಹಚ್ಚಿದರು. ಆ ಹೆಸರು ಪದ್ಯದ ಕೊನೆಯಲ್ಲಿ ವಚನದ ಅಂಕಿತದಂತೆ ಬಂದು ಕೂರುತ್ತದೆ. ಕೆಲವು ಕಡೆ ತಿಮ್ಮ ಹೇಳುವವನಂತೆ ಕೇಳಿಸುತ್ತಾನೆ, ಹಲವು ಕಡೆ ಹೇಳಿಸಿಕೊಳ್ಳುವವನಂತೆ. ಕಗ್ಗದ ವ್ಯಾಖ್ಯಾನಕಾರರು ಇದನ್ನು ಎರಡು ಬಗೆಯಲ್ಲೂ ಓದುತ್ತಾರೆ, ಪದ್ಯಗಳು ಎರಡಕ್ಕೂ ಎಡೆಗೊಡುತ್ತವೆ.